ಜೇವರ್ಗಿ ಕಾಲೋನಿಯಲ್ಲಿ ಮೂರು ತಿಂಗಳು

ಕಲಬುರಗಿಯನ್ನು ಕಂಡು ಬಂದವರು ಸಾಮಾನ್ಯವಾಗಿ ನಾಲ್ಕು ಸ್ಥಳಗಳ ಮಾತನ್ನೆತ್ತುತ್ತಾರೆ. ಒಂದು, 1347ರಲ್ಲಿ ರಾಜ್ಯವನ್ನು ಸ್ಥಾಪಿಸಿದ ಬಹಮನಿ ಸುಲ್ತಾನರ ಕೋಟೆ ಮತ್ತು ಅದರೊಳಗೆ 1367ರಲ್ಲಿ ಕಟ್ಟಿದ, ತೆರೆದ ಅಂಗಳವೇ ಇಲ್ಲದೆ ಮೇಲೆಲ್ಲ ಗುಮ್ಮಟಗಳನ್ನು ಹೊದ್ದ ಜಾಮಿ ಮಸೀದಿ. ಎರಡು, 1422ರಲ್ಲಿ ದೇಹವಿಟ್ಟ ಖ್ವಾಜಾ ಬಂದೇನವಾಜರ ದರ್ಗಾ. ಮೂರು, ಅದಕ್ಕೆ ಸರಿಯಾಗಿ ನಾನೂರು ವರ್ಷಗಳ ತರುವಾಯ 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ಗುಡಿ ಮತ್ತು ದಾಸೋಹ. ನಾಲ್ಕು, ಈಚಿನ ಕಾಲದ ಬುದ್ಧವಿಹಾರ. ಇವೆಲ್ಲವನ್ನೂ ನಾವೂ ನೋಡಿದೆವು, ಕೈಮುಗಿದೆವು, ಸಂತೋಷಪಟ್ಟೆವು. ಆದರೆ ಈಗ ಬರೆಯಹೊರಟಿರುವುದು ಪ್ರೇಕ್ಷಣೀಯ ಸ್ಥಳಗಳ ಯಾವ ಪಟ್ಟಿಯಲ್ಲಿಯೂ ಸೇರದ ಐದನೆಯದೊಂದನ್ನು ಕುರಿತು. ಅದು ಜೇವರ್ಗಿ ಕಾಲೋನಿಯ ಒಂದು ಓಣಿ. ಆ ಓಣಿಯ ತುದಿಯಲ್ಲಿರುವ ಒಂದು ಬೇವಿನ ಮರ. ಅದರ ಬುಡದಲ್ಲಿರುವ ಒಂದು ಕಲ್ಲಿನ ಕಟ್ಟೆ.

ನಮ್ಮ ಮಗಳ ಸಂಸಾರ ಆ ಓಣಿಯಲ್ಲಿದೆ. ಪಾಠಶಾಲೆಯ ಕೆಲಸದಿಂದ ನಮಗೆ ಬಿಡುವಾದ ಮೇಲೆ, “ಒಂದು ಸಲವಾದರೂ ಬಂದು ನಾಲ್ಕು ದಿನ ಇರಬಾರದೆ?” ಎಂದು ಅವಳು ಕೇಳಿದ್ದನ್ನು ಮೀರಲಾರದೆ, ಕಳೆದ ವರ್ಷ ಚೈತ್ರದ ಕೊನೆಯಲ್ಲಿ ತುಮಕೂರಿನ ಕಡೆಯಿಂದ ಹೊರಟೆವು. ಬೇಸಗೆಯಲ್ಲಿ ಕಲಬುರಗಿಗೆ ಹೋಗುತ್ತೇವೆಂದು ತಿಳಿದಾಗ ನಮ್ಮ ನೆರೆಯವರು ನಮ್ಮನ್ನು ನೋಡಿದ ರೀತಿ, ಹಿಂದಿನ ಕಾಲದಲ್ಲಿ ಕಾಲ್ನಡೆಯಿಂದ ಕಾಶಿಗೆ ಹೊರಟ ವೃದ್ಧರನ್ನು ಊರವರು ನೋಡುತ್ತಿದ್ದ ರೀತಿಯೇ ಆಗಿತ್ತು. ನಾಲ್ಕು ದಿನವೆಂದು ಹೋದದ್ದು ಮೂರು ತಿಂಗಳಾಯಿತು.

ರೈಲುಬಂಡಿ ರಾಯಚೂರನ್ನು ಬಿಟ್ಟ ಮೇಲೆ ಮೊದಲು ಕೃಷ್ಣೆಯನ್ನೂ ಆಮೇಲೆ ಯಾದಗಿರಿಯ ಸಮೀಪದಲ್ಲಿ ಭೀಮೆಯನ್ನೂ ದಾಟುತ್ತದೆ. ಮುಂಬಯಿಯಿಂದ ಬಂದ ಹಳಿ ಮದರಾಸಿನಿಂದ ಬಂದ ಹಳಿಯನ್ನು ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಕಿಟಕಿಯ ಹೊರಗೆ ನಮ್ಮ ಕಡೆಯ ಕೆಮ್ಮಣ್ಣು, ಹೆಬ್ಬಂಡೆ, ತೆಂಗಿನ ತೋಟಗಳೊಂದೂ ಉಳಿಯದೆ, ಕಣ್ಣು ಹರಿಯುವಷ್ಟು ದೂರವೂ ಕಪ್ಪು ನೆಲವೇ ಕಾಣುತ್ತದೆ. ಆ ನೆಲ ಬೇಸಗೆಯಲ್ಲಿ ಅಂಗೈಯಗಲ ಬಿರುಕು ಬಿಟ್ಟುಕೊಂಡು ಮಲಗಿರುವುದನ್ನು ಕಂಡಾಗ ಇದರಲ್ಲಿ ಏನು ತಾನೆ ಬೆಳೆದೀತೆಂದು ನಮಗೆ ಅನ್ನಿಸಿತು. ನಾಡಿಗೆಲ್ಲ ಹೆಸರಾದ ಕಲಬುರಗಿಯ ತೊಗರಿ ಬೆಳೆಯುವುದು ಅದೇ ನೆಲದಲ್ಲಿ. 2019ರಲ್ಲಿ ಆ ತೊಗರಿಬೇಳೆಗೆ ಊರಿನ ಹೆಸರಿನೊಡನೆಯೇ ಮಾರುವ ಭೌಗೋಳಿಕ ಗುರುತಿನ ಹಕ್ಕು ದೊರೆಯಿತು.

ಜೇವರ್ಗಿಯೆಂಬುದು ಕಲಬುರಗಿಗೆ ದಕ್ಷಿಣದಲ್ಲಿ ಸುಮಾರು 40 ಕಿಲೋಮೀಟರು ದೂರದಲ್ಲಿ, ಭೀಮಾನದಿಯ ಆಚೆಗಿರುವ ತಾಲ್ಲೂಕಿನ ಊರು. ಅದರ ಹೆಸರನ್ನು ಹೊತ್ತ ಬಡಾವಣೆಯಲ್ಲಿ ಜೇವರ್ಗಿಯವರೇ ತುಂಬಿರಬೇಕೆಂದು ನಾವು ಭಾವಿಸಿದ್ದೆವು. ಹೋಗಿ ನೋಡಿದರೆ ನಮ್ಮ ಓಣಿಯ ಹದಿನಾಲ್ಕು ಮನೆಗಳಲ್ಲಿ ಸೇಡಂ, ಚಿಂಚೋಳಿ, ಆಳಂದ, ಅಫಜಲಪುರಗಳವರಿದ್ದರು, ಬೀದರಿನವರಿದ್ದರು, ಸೋಲಾಪುರದವರಿದ್ದರು, ಜೇವರ್ಗಿಯವರು ಒಬ್ಬರೂ ಇರಲಿಲ್ಲ. ಆ ಮನೆಗಳಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ನಾಲ್ಕು ನುಡಿಗಳೂ ಕೇಳಿಬರುತ್ತಿದ್ದವು. ಕಟ್ಟೆಗೆ ಬಂದಾಗ ಮಾತ್ರ ಎಲ್ಲರದೂ ಕಲಬುರಗಿಯ ಕನ್ನಡ. ಈ ಸೀಮೆ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದು, 1956ರ ನವೆಂಬರ್ 1ರಂದು ಕನ್ನಡ ನಾಡನ್ನು ಕೂಡಿಕೊಂಡದ್ದು. ಆದಕಾರಣ ಇಲ್ಲಿಯವರ ಬಾಯಲ್ಲಿ ಆಸ್ಪತ್ರೆ ದವಾಖಾನೆಯಾಗಿದೆ, ನಿಜ ಖರೆಯಾಗಿದೆ. ಮೊದಲ ವಾರ ನಮಗೆ ಇದು ಸ್ವಲ್ಪ ಕಷ್ಟವಾಯಿತು. ಎರಡನೆಯ ವಾರ ನಮ್ಮ ಮೊಮ್ಮಗಳು ನಮ್ಮ ಉಚ್ಚಾರಣೆಯನ್ನು ತಿದ್ದತೊಡಗಿದಳು.

ಬಿಸಿಲಿನ ವಿಚಾರವನ್ನು ಹೇಳದೆ ಕಲಬುರಗಿಯ ಮಾತು ಮುಗಿಯದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಮಾನ 43, 44 ಡಿಗ್ರಿಗಳವರೆಗೆ ಏರುವುದು ಅಲ್ಲಿಯವರಿಗೆ ಸುದ್ದಿಯೇ ಅಲ್ಲ. ಆ ಎರಡು ತಿಂಗಳು ಸರಕಾರಿ ಕಛೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಪದ್ಧತಿಯುಂಟು. ಹನ್ನೊಂದು ಗಂಟೆಯ ಮೇಲೆ ಓಣಿಯಲ್ಲಿ ನಾಯಿ ಸಹ ಕಾಣುವುದಿಲ್ಲ. ಶಹಾಬಾದಿನ ಪರಸಿಕಲ್ಲು ಹಾಸಿದ ಒಳಮನೆಯಲ್ಲಿ ಕದವಿಕ್ಕಿಕೊಂಡು, ನೆಲಕ್ಕೆ ನೀರು ಚಿಮುಕಿಸಿ, ಬರಿಯ ಕಲ್ಲಿನ ಮೇಲೆ ಮೈಚಾಚಿ ಮಲಗುವ ಸುಖವನ್ನು ನಾವು ಅಲ್ಲಿಯೇ ಕಲಿತದ್ದು. ಸಂಜೆ ಆರರ ಮೇಲೆ ಕದಗಳು ಒಂದೊಂದಾಗಿ ತೆರೆಯುತ್ತವೆ. ಹೆಂಗಸರು ಬಾಗಿಲ ಮುಂದಕ್ಕೆ ನೀರು ಹಾಕುತ್ತಾರೆ. ತಳ್ಳುಗಾಡಿಯವನು ಬರುತ್ತಾನೆ, ಹುಮನಾಬಾದಿನ ದಾರಿಯಲ್ಲಿರುವ ಕಮಲಾಪುರದ ಕೆಂಪು ಬಾಳೆಹಣ್ಣು ಅವನಲ್ಲಿದ್ದ ದಿನ ಮಕ್ಕಳು ಅವನನ್ನು ಮುಂದೆ ಹೋಗಗೊಡುವುದಿಲ್ಲ. ಅನಂತರ ಒಬ್ಬೊಬ್ಬರಾಗಿ ಹಿರಿಯರು ಬೇವಿನ ಕಟ್ಟೆಯನ್ನು ಸೇರುತ್ತಾರೆ.

ನಾವು ಮೊದಲ ದಿನ ಅತ್ತ ಹೋದಾಗ, “ಬರ್ರಿ ಮಾಸ್ತರ್ರೇ, ಕೂಡ್ರಿ. ನಿಮ್ಮ ಕಡಿ ಇಷ್ಟು ಬಿಸಿಲ ಇರ್ತದೇನ್ರಿ?” ಎಂದು ಜಾಗ ಬಿಟ್ಟುಕೊಟ್ಟವರು ರೈಲಿನ ನೌಕರಿಯಿಂದ ನಿವೃತ್ತರಾದ ಒಬ್ಬರು. ಓಣಿಗೆಲ್ಲ ಅವರು ರೈಲ್ವೆ ಕಾಕಾ. ಅವರ ಪಕ್ಕದಲ್ಲಿ ಗಡಿಯಾರ ರಿಪೇರಿಯ ಸಾಹೇಬರು. ನ್ಯಾಯಾಲಯದಲ್ಲಿ ಗುಮಾಸ್ತರಾಗಿದ್ದು ಪಿಂಚಣಿ ಪಡೆಯುತ್ತಿದ್ದ ಮತ್ತೊಬ್ಬರು. ತೊಗರಿಯ ವ್ಯಾಪಾರ ಮಾಡುವ ಸಾಹುಕಾರರು. ಇವರೆಲ್ಲರ ಹೆಸರುಗಳು ನಮಗೆ ಗೊತ್ತು. ಆದರೆ ಓಣಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲವಾದ್ದರಿಂದ ನಾವೂ ಇಲ್ಲಿ ಆ ಪದ್ಧತಿಯನ್ನೇ ಅನುಸರಿಸುತ್ತೇವೆ.

ಕಟ್ಟೆಯ ಮೊದಲ ಪ್ರಶ್ನೆ ಪ್ರತಿನಿತ್ಯವೂ ಒಂದೇ: “ನಳಾ ಬಂತೇನ್ರಿ?” ನಗರಕ್ಕೆ ನೀರು ಬರುವುದು ಸರಡಗಿಯ ಬಳಿ ಭೀಮೆಯಿಂದ ಮತ್ತು ಬೆಣ್ಣೆತೊರೆಯ ಜಲಾಶಯದಿಂದ. ಭೀಮೆ ಹುಟ್ಟುವುದು ಮಹಾರಾಷ್ಟ್ರದ ಭೀಮಾಶಂಕರದಲ್ಲಿ. ಮೇಲಿನವರು ತಡೆದು ಉಳಿದದ್ದು ಕೆಳಗಿನವರ ಪಾಲು. 2008ರಲ್ಲಿ ಹುಬ್ಬಳ್ಳಿ–ಧಾರವಾಡ, ಬೆಳಗಾವಿಗಳ ಜೊತೆಗೆ ಕಲಬುರಗಿಯ ಕೆಲವು ಭಾಗಗಳಲ್ಲಿಯೂ ಇಪ್ಪತ್ತನಾಲ್ಕು ಗಂಟೆ ನೀರು ಕೊಡುವ ಪ್ರಯೋಗ ಪ್ರಾರಂಭವಾಯಿತು. ನಮ್ಮ ಓಣಿಯಲ್ಲಿ ಮಾತ್ರ ನಾವಿದ್ದ ಕಾಲಕ್ಕೆ ನೀರು ಪಾಳಿಯಂತೆ ಬರುತ್ತಿತ್ತು. ಬಂದ ದಿನ ಮನೆಯ ಸಕಲ ಪಾತ್ರೆಗಳೂ ತುಂಬುತ್ತಿದ್ದವು. ಊರಿಗೆ ಹೋದವರ ಮನೆಯ ತೊಟ್ಟಿಯನ್ನು ಪಕ್ಕದ ಮನೆಯವರು ತುಂಬಿಸಿಡುವುದು ಅಲ್ಲಿ ಹೇಳದೆ ನಡೆಯುವ ನೇಮ. ನೀರಿಲ್ಲದಿದ್ದಾಗ ಇಷ್ಟು ಸೌಜನ್ಯದಿಂದ ಬಾಳುತ್ತಿದ್ದ ಜನ, ನೀರು ಹೆಚ್ಚಾದಾಗ ಜಗಳಕ್ಕೆ ನಿಂತದ್ದನ್ನು ನಾವು ಕಂಡೆವು. ಆ ಜಗಳವೇ ಈ ಲೇಖನಕ್ಕೆ ಕಾರಣ.

ಜೂನ್ ತಿಂಗಳ ಎರಡನೆಯ ವಾರದಲ್ಲಿ ಮಿರಗದ ಮಳೆ ಬಂತು. ಮಧ್ಯಾಹ್ನ ನಾಲ್ಕಕ್ಕೆ ಕವಿದ ಮೋಡ ಒಂದು ಗಂಟೆಯ ಕಾಲ ಸುರಿದು ಹೋಯಿತು. ಎರಡು ತಿಂಗಳು ಬೆಂದ ನಮಗೆ ಅದು ಅಮೃತವೃಷ್ಟಿಯೇ. ನಾವು ಬಾಗಿಲಲ್ಲಿ ನಿಂತು ಕೈಚಾಚಿ ಸಂತೋಷಪಡುತ್ತಿರುವಾಗ, ಓಣಿಯ ಇಳುವಿನಲ್ಲಿರುವ ಹಳೆಯ ಮನೆಯಿಂದ ಒಬ್ಬ ವೃದ್ಧೆ ತಂಬಿಗೆಯಿಂದ ನೀರನ್ನು ಹೊರಗೆ ಚೆಲ್ಲುತ್ತಿದ್ದದ್ದು ಕಂಡಿತು. ಓಡಿಹೋಗಿ ನೋಡಿದರೆ ನಡುಮನೆಯಲ್ಲಿ ಮೊಣಕಾಲಿಗೆ ಸ್ವಲ್ಪ ಕಡಮೆಯಾಗಿ ಕೆಸರುನೀರು ನಿಂತಿತ್ತು. ಜೋಳದ ಚೀಲ, ಹಾಸಿಗೆ, ಮೊಮ್ಮಗನ ಪುಸ್ತಕಗಳು, ಎಲ್ಲವೂ ಮಂಚದ ಮೇಲೆ ಏರಿದ್ದವು. ಓಣಿಯವರು ಆಕೆಯನ್ನು ಆಯಿ ಎಂದು ಕರೆಯುತ್ತಾರೆ. ಆ ಓಣಿಯಲ್ಲಿ ಮೊಟ್ಟಮೊದಲು ಕಟ್ಟಿದ ಮನೆ ಆಕೆಯದು. ನಾವು ಮರುಕ ತೋರಿದಾಗ ಆಕೆ ಹೇಳಿದ್ದಿಷ್ಟೆ: “ಈ ಮನಿ ಕಟ್ಟಿದಾಗ ಮೂರು ಪಾವಟಿಗಿ ಹತ್ತಿ ಒಳಗ ಹೋಗ್ತಿದ್ದಿವಿ. ಈಗ ಎರಡು ಪಾವಟಿಗಿ ಇಳದು ಹೋಗ್ತೀವಿ. ಮನಿ ಕುಂತಿಲ್ಲ ಮಾಸ್ತರ್ರೇ, ರೋಡ ಎದ್ದದ.”

ಆಕೆಯ ಮಾತು ಅಕ್ಷರಶಃ ಸತ್ಯವಾಗಿತ್ತು. ರಸ್ತೆಯನ್ನು ರಿಪೇರಿ ಮಾಡುವಾಗಲೆಲ್ಲ ಹಳೆಯದನ್ನು ಕಿತ್ತು ತೆಗೆಯದೆ ಅದರ ಮೇಲೆಯೇ ಹೊಸ ಪದರವನ್ನು ಹಾಸುತ್ತಾರೆ. ಪ್ರತಿ ಸಲ ಮೂರು ನಾಲ್ಕು ಅಂಗುಲ ಏರಿದರೆ ಮೂವತ್ತು ವರ್ಷಗಳಲ್ಲಿ ಎಷ್ಟಾಯಿತೆಂಬುದನ್ನು ವಾಚಕರೇ ಲೆಕ್ಕ ಹಾಕಬಹುದು. ತರುವಾಯ ಬಂದವರು ರಸ್ತೆಯನ್ನು ನೋಡಿ ತಮ್ಮ ತಳಪಾಯವನ್ನು ಎತ್ತರಿಸಿದರು. ಮೊದಲು ಬಂದವಳು ಕೆಳಗುಳಿದಳು. ಇದರ ಮೇಲೆ ಅಲ್ಲಿಯ ಮಣ್ಣಿನ ಗುಣವೊಂದುಂಟು. ಕರಿಯ ಎರೆಮಣ್ಣು ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಮೊದಲ ನೀರು ಬಿದ್ದೊಡನೆ ಉಬ್ಬಿ ಬಿರುಕುಗಳನ್ನು ಮುಚ್ಚಿಕೊಂಡು, ಅನಂತರದ ನೀರನ್ನು ಒಳಗೆ ಬಿಡುವುದೇ ಇಲ್ಲ. ನಮ್ಮ ಕಡೆಯ ಕೆಮ್ಮಣ್ಣಿನಂತೆ ಅದು ಹೀರುವುದಿಲ್ಲ. ನೀರು ಇಳುವನ್ನು ಹುಡುಕಿ ಹರಿಯಲೇಬೇಕು. ಆ ಊರಿನ ಮಳೆ ವರ್ಷಕ್ಕೆ 75 ರಿಂದ 80 ಸೆಂಟಿಮೀಟರಷ್ಟೇ ಆದರೂ, ಒಂದೊಂದು ದಿನ ಒಮ್ಮೆಲೇ ಸುರಿಯುವುದು ಅದರ ಅಭ್ಯಾಸ. ಇನ್ನು ಗಟಾರವೋ, ಇರುವುದೇನೋ ಇತ್ತು. ಆದರೆ ಪ್ರತಿಯೊಬ್ಬರೂ ತಮ್ಮ ವಾಹನವನ್ನು ಒಳಗೆ ಹತ್ತಿಸಲು ಅದರ ಮೇಲೆ ಕಾಂಕ್ರೀಟಿನ ಇಳಿಜಾರು ಕಟ್ಟಿಕೊಂಡು ಅರ್ಧ ಮುಚ್ಚಿದ್ದರು. ನಮ್ಮ ಅಳಿಯನದೂ ಅದರಲ್ಲಿ ಒಂದು.

ಆ ರಾತ್ರಿ ಕಟ್ಟೆ ತುಂಬಿತು. ಆಯಿಯ ಮನೆಯ ಹಿಂದೆ ಸಾಹುಕಾರರ ಖಾಲಿ ನಿವೇಶನವಿದೆ. ಅದರ ಆಚೆಗೆ ಊರಿನ ದೊಡ್ಡ ನಾಲೆ. ನಿವೇಶನದ ಅಂಚಿನಲ್ಲಿ ಒಂದೂವರೆ ಅಡಿ ಅಗಲದ ಕಾಲುವೆ ತೆಗೆದರೆ ಓಣಿಯ ನೀರೆಲ್ಲ ನೇರವಾಗಿ ನಾಲೆಗೆ ಇಳಿಯುತ್ತದೆ. ರೈಲ್ವೆ ಕಾಕಾ ಕಡ್ಡಿಯಿಂದ ನೆಲದಲ್ಲಿ ಗೀಟೆಳೆದು ತೋರಿಸಿದರು. ಎಲ್ಲರೂ ಒಪ್ಪಿದರು. ವಂತಿಗೆ ಎಷ್ಟೆಂದೂ ಲೆಕ್ಕವಾಯಿತು. ಸಾಹುಕಾರರು ಆ ದಿನ ಮಾರುಕಟ್ಟೆಯ ಕೆಲಸದಲ್ಲಿದ್ದು ಕಟ್ಟೆಗೆ ಬಂದಿರಲಿಲ್ಲ. “ಅವರೇನು ಬ್ಯಾಡ ಅಂತಾರೇನ್ರಿ, ಧರ್ಮದ ಕೆಲಸ” ಎಂದು ಯಾರೋ ಹೇಳಿದರು. ನಾವೂ ತಲೆದೂಗಿದೆವು.

ಮರುದಿನ ಸಾಹುಕಾರರು ಬೇಡವೆಂದರು. ಬರಿಯ ಬೇಡವಲ್ಲ, ಕಡುಕೋಪದಿಂದಲೇ ಹೇಳಿದರು: “ಇವತ್ತು ಒಂದೂವರಿ ಫೂಟ ಅಂತೀರಿ. ನಾಳಿಗಿ ಇದು ಸರಕಾರಿ ಗಟಾರ ಅಂತೀರಿ. ನಾಡದು ನನ್ನ ಜಾಗಾಕ್ಕ ನಾನೇ ಅರ್ಜಿ ಹಿಡಕೊಂಡು ತಿರಗಬೇಕು. ಗಟಾರದ ಮ್ಯಾಲ ಸಿಮೆಂಟ ಹಾಕ್ಕೊಂಡವರು ನೀವು, ಹೊಲ ಬಿಡಾಂವ ನಾನಾ?” ಮಾತಿಗೆ ಮಾತು ಬೆಳೆಯಿತು. ಕಾರಹುಣ್ಣಿಮೆಯ ದಿನ ಓಣಿಯ ಎಲ್ಲ ಮನೆಗಳಿಗೂ ಹೋಳಿಗೆ ಹೋಗಿಬಂದಿತು. ಸಾಹುಕಾರರ ಮನೆಗೆ ಹೋಗಲಿಲ್ಲ, ಅಲ್ಲಿಂದ ಬರಲೂ ಇಲ್ಲ. ಹದಿನೈದು ವರ್ಷ ಒಂದೇ ಕಟ್ಟೆಯ ಮೇಲೆ ಕುಳಿತ ಸಾಹೇಬರೂ ಸಾಹುಕಾರರೂ ಎದುರು ಬದುರು ಬಂದರೆ ಬೇರೆ ಕಡೆ ನೋಡತೊಡಗಿದರು. ಹೊಸಬರಾದ ನಮಗೆ ಆಯಿಯ ಮನೆಯ ನೀರಿಗಿಂತ ಇದೇ ಹೆಚ್ಚು ಭಯವನ್ನುಂಟುಮಾಡಿತು. ನೀರು ಒಂದು ದಿನಕ್ಕೆ ಇಂಗುತ್ತದೆ.

ಈ ನಡುವೆ ನಾವು ಬಹಳ ಕಾಲದಿಂದ ಬಯಸಿದ್ದ ಒಂದು ಯಾತ್ರೆಯನ್ನು ಮಾಡಿದೆವು. ಶಹಾಬಾದಿನ ಕಡೆಗೆ ಮರತೂರೆಂಬ ಹಳ್ಳಿಯಿದೆ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರರು ಅಲ್ಲಿಯವರೆಂದು ಆ ಸೀಮೆಯವರು ಹೇಳುತ್ತಾರೆ. ಅವರು ಕಲ್ಯಾಣದ ಚಾಲುಕ್ಯರಲ್ಲಿ ಪ್ರಸಿದ್ಧನಾದ ಆರನೆಯ ವಿಕ್ರಮಾದಿತ್ಯನ ಕಾಲದವರು. ಆ ದೊರೆ ಆಳಿದ್ದು 1076ರಿಂದ 1126ರವರೆಗೆ. ಕೋಲ್‌ಬ್ರೂಕ್ ಎಂಬ ಆಂಗ್ಲ ವಿದ್ವಾಂಸನು ಆ ಗ್ರಂಥದ ದಾಯಭಾಗದ ಪ್ರಕರಣವನ್ನು 1810ರಲ್ಲಿ ಭಾಷಾಂತರಿಸಿ ಪ್ರಕಟಿಸಿದ ಮೇಲೆ, ಬಂಗಾಳವನ್ನು ಬಿಟ್ಟು ಭರತಖಂಡದ ಬಹುಭಾಗದ ನ್ಯಾಯಾಲಯಗಳು ಹಿಂದೂ ಕುಟುಂಬಗಳ ಆಸ್ತಿಯನ್ನು ಅದರಂತೆಯೇ ಪಾಲುಮಾಡಿದವು. ಅದರಲ್ಲಿ ಗಂಡುಮಕ್ಕಳಿಗೆ ಹುಟ್ಟಿನಿಂದ ಇದ್ದ ಹಕ್ಕನ್ನು ಹೆಣ್ಣುಮಕ್ಕಳಿಗೂ ಸಮನಾಗಿ ಕೊಟ್ಟದ್ದು 2005ರ ಶಾಸನ. ಸಾಮಾನ್ಯ ಜನ ಮಿತಾಕ್ಷರೆಯನ್ನು ಬಲ್ಲದ್ದು ಅಣ್ಣತಮ್ಮಂದಿರ ಪಾಲಿನ ಮೂಲಕವೇ. ಆದರೆ ಆ ಗ್ರಂಥದಲ್ಲಿ ನೆರೆಹೊರೆಯವರ ವ್ಯಾಜ್ಯಗಳಿಗೂ ಒಂದು ಪ್ರಕರಣವುಂಟು: ಸೀಮಾವಿವಾದ.

ನಾವು ಮರತೂರಿನ ಹೊಲದ ಬದುವಿನಲ್ಲಿ ಕುಳಿತು, ವಿದ್ಯಾರ್ಥಿದೆಸೆಯಲ್ಲಿ ಓದಿದ್ದನ್ನು ಜ್ಞಾಪಿಸಿಕೊಂಡೆವು. ಎಲ್ಲೆಯ ವಿಚಾರದಲ್ಲಿ ಜಗಳ ಬಂದರೆ ಅದನ್ನು ತೀರ್ಮಾನಿಸುವವರು ಯಾರು? ಸಾಮಂತರು, ಮುದುಕರು, ದನಕಾಯುವವರು, ಎಲ್ಲೆಯ ಹತ್ತಿರ ಉಳುವವರು, ಕಾಡಿನಲ್ಲಿ ಅಲೆಯುವವರು. ಮರ, ದಿಣ್ಣೆ, ಹುತ್ತ, ಹೂತಿಟ್ಟ ಇದ್ದಿಲು, ಹೊಟ್ಟು ಮುಂತಾದವು ಗುರುತುಗಳು. ಸಾಮಂತನೆಂದರೆ ದೊಡ್ಡ ಅರಸನಿಗೆ ಕಪ್ಪ ಕೊಡುವ ಸಣ್ಣ ಅರಸನೆಂದು ನಾವು ಎಷ್ಟೋ ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ. ಇಲ್ಲಿ ಅದಕ್ಕೆ ಸುತ್ತಲೂ ಇರುವವನು, ಅಂದರೆ ಪಕ್ಕದ ಮನೆಯವನು ಎಂದೇ ಅರ್ಥ. ಇನ್ನೂ ಮುಂದೆ ಸೇತುವಿನ ಮಾತು ಬರುತ್ತದೆ. ಸೇತು ಎರಡು ಬಗೆ: ನೀರನ್ನು ತಡೆಯಲು ಕಟ್ಟಿದ್ದು ಒಂದು, ನೀರು ಹರಿದುಹೋಗಲೆಂದು ಅಗೆದದ್ದು ಇನ್ನೊಂದು. ಅಂಥದು ಬೇರೆಯವನ ಭೂಮಿಯಲ್ಲಿದ್ದರೂ, ಅವನಿಗಾಗುವ ಬಾಧೆ ಅಲ್ಪವಾಗಿ ಜನಕ್ಕಾಗುವ ಮೇಲು ದೊಡ್ಡದಾಗಿದ್ದರೆ ಅದನ್ನು ತಡೆಯಬಾರದು. ನಮಗೆ ರೋಮಾಂಚವಾಯಿತು. ಕಲಬುರಗಿಯ ಮಗ್ಗುಲಿನ ಹಳ್ಳಿಯವರು ಒಂಬೈನೂರು ವರ್ಷಗಳ ಹಿಂದೆ ನಮ್ಮ ಓಣಿಯ ವ್ಯಾಜ್ಯಕ್ಕೆ ತೀರ್ಪು ಬರೆದಿಟ್ಟಂತಿತ್ತು!

ಅಂದಿನ ಸಂಜೆ ಸಾಹುಕಾರರು ಕಟ್ಟೆಯ ಮುಂದೆ ಹಾದುಹೋಗುತ್ತಿರುವಾಗ ನಾವು ಅವರನ್ನು ನಿಲ್ಲಿಸಿ, ಹತ್ತು ಜನರ ಎದುರಿಗೆ, ಪಾಠ ಹೇಳುವ ಧ್ವನಿಯಲ್ಲಿ ಇದನ್ನೆಲ್ಲ ವಿವರಿಸಿದೆವು. ಅವರು ಅಡ್ಡಬಾಯಿ ಹಾಕದೆ ಕೇಳಿದರು. ಕೊನೆಗೆ ಮೆಲ್ಲಗೆ ಹೇಳಿದರು: “ಶಾಸ್ತ್ರ ಖರೆ ಅದ ಮಾಸ್ತರ್ರೇ. ಆದ್ರ ಬಾಧಿ ಅಲ್ಪ ಅದನೋ ಭಾಳ ಅದನೋ ಅಂತ ಯಾರು ಹೇಳಬೇಕು? ಜಾಗಾ ಕೊಡಾಂವೋ, ಕಟ್ಟಿ ಮ್ಯಾಲ ಕುಂತಾಂವೋ?” ಹೀಗೆಂದು ಹೊರಟುಹೋದರು. ಕಟ್ಟೆಯಲ್ಲಿ ಯಾರೂ ಮಾತಾಡಲಿಲ್ಲ. ನಮಗೂ ಉತ್ತರ ತೋಚಲಿಲ್ಲ.

ಆ ರಾತ್ರಿ ನಿದ್ರೆ ಬರಲಿಲ್ಲ. ಅಳಿಯನ ಫೋನಿನಲ್ಲಿಯೇ ಈಗ ಸಂಸ್ಕೃತಗ್ರಂಥಗಳೆಲ್ಲ ಸಿಗುತ್ತವೆ. ಬೆಳಗಿನ ಜಾವ ಎದ್ದು ಮೊಮ್ಮಗಳಿಂದ ಆ ಪ್ರಕರಣವನ್ನು ತೆಗೆಸಿ ಕನ್ನಡಕ ಹಾಕಿಕೊಂಡು ಓದಿದೆವು. ನಾವು ಹೇಳಿದ ಮಾತಿನ ಬೆನ್ನಿಗೇ ಇನ್ನೊಂದು ಮಾತಿತ್ತು. ಒಡೆಯನಿಗೆ ತಿಳಿಸದೆ ಅವನ ನೆಲದಲ್ಲಿ ಸೇತುವನ್ನು ನಡೆಯಿಸಿದವನಿಗೆ ಅದರ ಫಲದಲ್ಲಿ ಹಕ್ಕಿಲ್ಲ; ಫಲವೆಲ್ಲ ಒಡೆಯನಿಗೇ ಸೇರತಕ್ಕದ್ದು. ಅಂದರೆ, ಮೊದಲು ಅವನ ಬಾಗಿಲಿಗೆ ಹೋಗಿ ಕೇಳಬೇಕು. ನಾವು ಶಾಸ್ತ್ರದ ಅರ್ಧವನ್ನು ಮಾತ್ರ, ನಮಗೆ ಅನುಕೂಲವಾದ ಅರ್ಧವನ್ನು ಮಾತ್ರ, ಓದಿ ಹೇಳಿದ್ದೆವು. ಆಗ ನಮಗೆ ನಡೆದ ಸಂಗತಿಯೆಲ್ಲ ಸ್ಪಷ್ಟವಾಯಿತು. ಸಾಹುಕಾರರನ್ನು ಯಾರೂ ಕೇಳಿಯೇ ಇರಲಿಲ್ಲ. ಅವರಿಲ್ಲದ ಕಟ್ಟೆಯಲ್ಲಿ ನಿಶ್ಚಯ ಮಾಡಿ, ಅವರಿಗೆ ಸುದ್ದಿ ಮುಟ್ಟಿಸಿದ್ದೆವು, ಅಷ್ಟೆ.

ಆ ಸಂಜೆ ನಮ್ಮ ತಪ್ಪನ್ನು ಕಟ್ಟೆಯಲ್ಲಿ ಒಪ್ಪಿಕೊಂಡೆವು. ಗುಮಾಸ್ತರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸಾಹುಕಾರರ ಭಯ ನಿರಾಧಾರವಲ್ಲವೆಂದರು. 1882ರ ಅನುಭೋಗದ ಹಕ್ಕುಗಳ ಕಾನೂನಿನಂತೆ, ಬೇರೆಯವರ ನೆಲದ ಮೇಲೆ ಇಪ್ಪತ್ತು ವರ್ಷ ತಡೆಯಿಲ್ಲದೆ ಹಕ್ಕಿನಿಂದಲೆಂಬಂತೆ ನೀರು ಹರಿಸಿದರೆ ಅದು ಹಕ್ಕಾಗಿಯೇ ನಿಲ್ಲಬಹುದು. ಒಡೆಯನ ಅನುಮತಿಯಿಂದ ಹರಿಸಿದ್ದಕ್ಕೆ ಹಾಗೆ ಹಕ್ಕು ಬೆಳೆಯುವುದಿಲ್ಲ. ಆದಕಾರಣ ಕೇಳಿ, ಅನುಮತಿಯನ್ನು ಕಾಗದದಲ್ಲಿ ಬರೆಯಿಸಿಕೊಂಡರೆ ಅದು ಅವರಿಗೇ ರಕ್ಷೆ. ನ್ಯಾಯಾಲಯದ ಗುಮಾಸ್ತರೂ ಮರತೂರಿನ ಪಂಡಿತರೂ ಬೇರೆ ಬೇರೆ ದಾರಿಯಿಂದ ಒಂದೇ ಬಾಗಿಲಿಗೆ ಬಂದು ನಿಂತಿದ್ದರು.

ಆದರೆ ಆ ಬಾಗಿಲಿಗೆ ಹೋಗುವವರು ಯಾರು? ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಕೊನೆಗೆ ಹೊರಟವಳು, ಕಟ್ಟೆಗೆ ಎಂದೂ ಬಾರದ ಆಯಿ. ಸಾಹೇಬರು ಟೊಪ್ಪಿಗೆ ಸರಿಪಡಿಸಿಕೊಂಡು ತಾವೂ ಎದ್ದರು. ನಾವೂ ಹಿಂದೆ ನಡೆದೆವು. ಸಾಹುಕಾರರ ಪಡಸಾಲೆಯಲ್ಲಿ ಆಯಿ ಕುಳಿತುಕೊಳ್ಳದೆ ಕಂಬವನ್ನು ಹಿಡಿದು ಹೇಳಿದಳು: “ಯಪ್ಪಾ, ಜಾಗಾ ಕೇಳ್ಲಕ ಬಂದಿಲ್ಲ. ನಿನ್ನ ಕೇಳದೇ ನಿನ್ನ ಜಾಗಾದ ಮಾತು ಆಡಿದ್ರು, ನನ್ನ ಸಲಾಗ ಆಡಿದ್ರು. ಅದು ತಪ್ಪಾಯ್ತು ಅನ್ಲಕ ಬಂದೀನಿ.” ಸಾಹುಕಾರರು ಬಹಳ ಹೊತ್ತು ನೆಲ ನೋಡುತ್ತಿದ್ದರು. ಆಮೇಲೆ ಒಳಗೆ ತಿರುಗಿ, “ಆಯಿಗಿ ಛಾ ತರ್ರಿ, ಸಾಹೇಬರಿಗಿ ಸಕ್ಕರಿ ಕಮ್ಮಿ” ಎಂದರು. ಸಾಹೇಬರ ಸಕ್ಕರೆಯ ಲೆಕ್ಕವನ್ನು ಅವರು ಮರೆತಿರಲಿಲ್ಲ.

ಕರಾರು ಎರಡು ದಿನಗಳಲ್ಲಿ ಸಿದ್ಧವಾಯಿತು. ಸಾಹುಕಾರರು ಅಲ್ಲಿ ಮನೆ ಕಟ್ಟುವವರೆಗೆ, ಅಂಚಿನಲ್ಲಿ ಒಂದೂವರೆ ಅಡಿ ಅಗಲ ಎರಡು ಅಡಿ ಆಳದ ಕಾಲುವೆಗೆ ಅನುಮತಿ. ಅವರು ಕಟ್ಟಿದಾಗ ಓಣಿಯವರೇ ತಮ್ಮ ವೆಚ್ಚದಿಂದ ಅದನ್ನು ಗೋಡೆಯ ಬದಿಗೆ ಸರಿಸಿಕೊಡತಕ್ಕದ್ದು. ಅವರು ಹಾಕಿದ ಷರತ್ತು ಒಂದೇ: ಪ್ರತಿ ಮನೆಯವರೂ ತಮ್ಮ ಇಳಿಜಾರಿನಲ್ಲಿ ಗಟಾರವನ್ನು ಮುಚ್ಚಿದ ಭಾಗವನ್ನು ಒಡೆಯಬೇಕು. ಈ ಷರತ್ತು ಕಾಲುವೆಗಿಂತ ಕಷ್ಟವಾಯಿತು. ಮೊದಲ ಸುತ್ತಿಗೆಯ ಪೆಟ್ಟು ನಮ್ಮ ಅಳಿಯನ ಬಾಗಿಲ ಮುಂದೆಯೇ ಬೀಳಬೇಕೆಂದು ನಾವು ಹಟಹಿಡಿದೆವು. ಮೂರು ದಿನ ಮಗಳು ನಮ್ಮೊಡನೆ ಸರಿಯಾಗಿ ಮಾತಾಡಲಿಲ್ಲ. ಇಬ್ಬರು ಕೆಲಸಗಾರರು ಬಂದು, ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಎರಡು ತುದಿಗಳ ಮಟ್ಟ ನೋಡಿ, ಇಳುವು ತಪ್ಪದಂತೆ ಅಗೆದರು. ಮೇಲೆ ಪರಸಿಕಲ್ಲುಗಳನ್ನು ಗಾರೆಯಿಲ್ಲದೆ ಬಿಡಿಯಾಗಿ ಹೊದಿಸಿದರು. ಕಸ ಕಟ್ಟಿದರೆ ಎತ್ತಿ ಬಳಿಯಬಹುದು. ಬಳಿಯುವ ಪಾಳಿಯನ್ನೂ ಮನೆಮನೆಗೆ ಹಂಚಿ ಬೇವಿನ ಮರಕ್ಕೆ ಒಂದು ಹಲಗೆ ಕಟ್ಟಿದರು.

ಇದರಿಂದ ಎಲ್ಲವೂ ಸರಿಹೋಯಿತೆಂದು ಬರೆದರೆ ಅದು ಸುಳ್ಳಾದೀತು. ಇಬ್ಬರು ತಮ್ಮ ಇಳಿಜಾರನ್ನು ಇನ್ನೂ ಒಡೆದಿರಲಿಲ್ಲ. ರಸ್ತೆ ಇನ್ನೊಂದು ಸಲ ಏರಿದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಮುಂದೆ ಹಳೆಯ ಪದರವನ್ನು ಕೆತ್ತಿ ತೆಗೆದು ರಸ್ತೆ ಹಾಸಬೇಕೆಂಬ ಅರ್ಜಿಗೆ ಹದಿನಾಲ್ಕು ಮನೆಯವರೂ ರುಜು ಹಾಕಿದ್ದಾರೆ. ಅದರ ಮೊದಲ ರುಜು ಸಾಹುಕಾರರದು.

ಜುಲೈ ತಿಂಗಳ ಕೊನೆಯಲ್ಲಿ, ನಾವು ಹೊರಡುವುದಕ್ಕೆ ಎರಡು ದಿನ ಮೊದಲು, ಪುಷ್ಯದ ಮಳೆ ರಾತ್ರಿಯೆಲ್ಲ ಹಿಡಿಯಿತು. ನಡುರಾತ್ರಿಯಲ್ಲಿ ಕೊಡೆ ಹಿಡಿದು ಹೊರಗೆ ಬಂದೆವು. ಓಣಿಯ ಮೇಲ್ತುದಿಯಲ್ಲಿ ಪಾದ ಮುಳುಗುವಷ್ಟು ನೀರಿತ್ತು. ಆಯಿಯ ಹೊಸ್ತಿಲ ಹೊರಗೆ ಒದ್ದೆ, ಒಳಗೆ ಒಣಗಿದ ನೆಲ. ಮೊಮ್ಮಗ ಕೆಳಗೇ ಹಾಸಿಗೆ ಹಾಕಿಕೊಂಡು ಮಲಗಿದ್ದ. ಹಿಂದಿನ ನಿವೇಶನದಲ್ಲಿ ಯಾರದೋ ದೀಪ ಕಂಡಿತು. ಸಾಹುಕಾರರು ಧೋತರವನ್ನು ಮೊಣಕಾಲಿಗೆ ಎತ್ತಿಕಟ್ಟಿ, ಒಂದು ಕಲ್ಲನ್ನು ಸರಿಸಿ, ಬ್ಯಾಟರಿಯ ಬೆಳಕಿನಲ್ಲಿ ನೀರು ಓಡುವುದನ್ನು ನೋಡುತ್ತಿದ್ದರು. ನಮ್ಮನ್ನು ಕಂಡು, “ಮಾಸ್ತರ್ರೇ, ಬಾಧಿ ಅಲ್ಪೇ ಅದ ನೋಡ್ರಿ” ಎಂದರು.

ಊರಿಗೆ ಮರಳಿದ ಮೇಲೆ ನಾವು ಮಾಡಿದ ಮೊದಲ ಕೆಲಸವನ್ನು ಹೇಳಿ ಮುಗಿಸುತ್ತೇವೆ. ನಮ್ಮ ಪಕ್ಕದ ಮನೆಯವರ ತೆಂಗಿನ ಮರವೊಂದು ನಮ್ಮ ಮಾಡಿನ ಕಡೆಗೆ ಬಾಗಿದೆ. ಆ ವಿಚಾರವನ್ನು ಎರಡು ವರ್ಷಗಳಿಂದ ನಾವು ಬೀದಿಯಲ್ಲಿ ಅನೇಕರೊಡನೆ ಆಡಿದ್ದೆವು. ಮರದ ಒಡೆಯರೊಬ್ಬರೊಡನೆ ಮಾತ್ರ ಆಡಿರಲಿಲ್ಲ. ಮರುದಿನ ಬೆಳಿಗ್ಗೆ ಕಲಬುರಗಿಯ ತೊಗರಿಬೇಳೆ ಎರಡು ಸೇರು ಕಟ್ಟಿಕೊಂಡು ಹೋಗಿ ಅವರ ಬಾಗಿಲು ತಟ್ಟಿದೆವು.